ಹೊಗೆ ದುಗ್ಗಿ ಮತ್ತು ತಿರುಗದ ಗಾಳಿ

ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿಗೂ ಹಲ್ಲು ಮೂಡಿರದ ಕಾಲದಲ್ಲಿ, ಇದೇ ನಮ್ಮ ಊರಿಗೆ ಮರಳುಕೇರಿ ಅಂತ ಹೆಸರಿತ್ತಂತೆ. ಆ ಮರಳುಕೇರಿಯಲ್ಲಿ ದುಗ್ಗಿ ಅಂತ ಒಬ್ಬಳಿದ್ದಳಂತೆ. ಬೂತಾಯಿ ಮೀನನ್ನು ಕೊಪ್ಪರಿಗೆಯಲ್ಲಿ ಬೇಯಿಸಿ ಎಣ್ಣೆ ತೆಗೆಯುವುದು ಅವಳ ಕಸುಬು. ಆ ಎಣ್ಣೆ ಬಳಿಯದೆ ಊರಿನ ಯಾವ ದೋಣಿಯೂ ನೀರಿಗಿಳಿಯುತ್ತಿರಲಿಲ್ಲ. ಆದರೆ ಎಣ್ಣೆ ಬೇಕು ಅನ್ನುವವರಿಗೆ ವಾಸನೆ ಬೇಡ ನೋಡಿ! ಅವಳ ಗುಡಿಸಲನ್ನು ಊರಾಚೆ ಮರಳದಿಣ್ಣೆಯ ಮೇಲೆ ಹಾಕಿಸಿದ್ದರು. ಬೆಳಗಿಂದ ಬೈಗಿನ ತನಕ ಅಲ್ಲಿ ಹೊಗೆಯೋ ಹೊಗೆ. ಹಾಗಾಗಿ ಅವಳು ಹೊಗೆ ದುಗ್ಗಿ. ಹೆಸರಿಗೆ ಅವಳು ಬೇಜಾರು ಮಾಡಿಕೊಂಡವಳಲ್ಲ.

ಅವಳು ಗಾಳಿಯ ಜೊತೆ ಮಾತಾಡುತ್ತಿದ್ದಳು ಅಂತಾರೆ. ಗಾಳಿಯನ್ನು ಸೆರಗಿನ ತುದಿಗೆ ಗಂಟು ಹಾಕಿಡುತ್ತಿದ್ದಳು ಅಂತಾರೆ. ಅದೆಲ್ಲ ಸುಳ್ಳು. ಗಂಟು ಹಾಕಲು ಬರುತ್ತಿದ್ದರೆ ದಿನಾ ಕಣ್ಣಿಗೆ ಹೊಗೆ ತುಂಬಿಸಿಕೊಂಡು ಯಾಕೆ ಕೂರುತ್ತಿದ್ದಳು? ನನ್ನ ಅಜ್ಜಿ ಹೇಳಿದ್ದು ಬೇರೆ. ದುಗ್ಗಿ ಒಲೆಯ ಮುಂದೆ ಕೂತು ನೋಡುತ್ತಿದ್ದಳು, ಅಷ್ಟೆ. ನೋಡುವುದು ಅಂದರೆ ಸಸಾರ ಅಂದುಕೊಳ್ಳಬೇಡಿ.

ಬೆಂಕಿ ಜೋರಾದಾಗಲೆಲ್ಲ ಗುಡಿಸಲಿನ ಬಾಗಿಲಿಗೆ ಕಟ್ಟಿದ ಬಿದಿರಿನ ತಟ್ಟಿ ತಾನಾಗಿ ಒಳಗೆ ಎಳೆದುಕೊಳ್ಳುತ್ತಿತ್ತಂತೆ. ಹೊರಗೆ ಎಲೆ ಅಲ್ಲಾಡುತ್ತಿಲ್ಲ, ಒಳಗೆ ತಟ್ಟಿ ಪಟಪಟ. ಬೇರೆಯವರಾದರೆ ಭೂತ ಅನ್ನುತ್ತಿದ್ದರು, ಕೋಳಿ ಕೊಯ್ಯುತ್ತಿದ್ದರು. ದುಗ್ಗಿ ಯೋಚಿಸಿದಳು. ಬಿಸಿಯಾದ ಗಾಳಿ ಹಗುರಾಗಿ ಹುಲ್ಲಿನ ಮಾಡಿನ ಸಂದಿಯಿಂದ ಮೇಲೆ ಹೋಗುತ್ತದೆ. ಹೋದದ್ದರ ಜಾಗ ಬರಿದಾಗುತ್ತದೆ, ಅಲ್ಲೊಂದು ಗಾಳಿಯ ಹೊಂಡ ಬೀಳುತ್ತದೆ. ಹೊಂಡ ಬಿದ್ದ ಕಡೆಗೆ ಸುತ್ತಲಿನ ಗಾಳಿ ನುಗ್ಗದೆ ಇರುತ್ತದೆಯೇ?

ಒಂದು ದಿನ ಕೊಪ್ಪರಿಗೆಯ ಮುಚ್ಚಳ ತೆಗೆಯಲು ಹೋಗಿ ಎಡಗೈ ಸುಟ್ಟುಕೊಂಡಳು. ಬೆಂಕಿ ಇರುವುದು ಕೆಳಗೆ, ಮುಚ್ಚಳ ಇಷ್ಟು ಸುಡುವುದು ಹೇಗೆ? ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಲೇ ಅದನ್ನೂ ಯೋಚಿಸಿದಳು. ಹಬೆ ಬಿಸಿಯನ್ನು ಹೊತ್ತು ಮೇಲೇರುತ್ತದೆ, ಮೇಲೆ ನೀರಾಗುವಾಗ ಹೊತ್ತದ್ದನ್ನು ಅಲ್ಲೇ ಇಳಿಸಿಬಿಡುತ್ತದೆ. ಹಾಗಾದರೆ ಕಾದ ಕಡಲೂ ಒಂದು ದೊಡ್ಡ ಕೊಪ್ಪರಿಗೆಯೇ. ಅದರ ಹಬೆ ಮೇಲೆ ಹೋಗಿ ಮೋಡವಾಗುವಾಗ ಅಲ್ಲಿಯೂ ಬಿಸಿ ಇಳಿಸುತ್ತದೆ, ಆ ಬಿಸಿಗೆ ಗಾಳಿ ಇನ್ನಷ್ಟು ಮೇಲೇರುತ್ತದೆ, ಕೆಳಗೆ ಹೊಂಡ ಇನ್ನಷ್ಟು ಆಳವಾಗುತ್ತದೆ. ಬಿರುಗಾಳಿ ಹುಟ್ಟುವುದೇ ಹೀಗೆ ಅಂತ ಅವಳಿಗೆ ಹೊಳೆಯಿತಂತೆ.

ಒಂದು ಸಲ ಗಾಳಿ ಏರತೊಡಗಿದಾಗ ಇದನ್ನು ಅವಳು ಬುಡ್ಡ ತಾಂಡೇಲನಿಗೆ ಹೇಳಿದಳು. ತಾಂಡೇಲ ಅಂದರೆ ಊರಿನ ಏಳೂ ದೋಣಿಗಳ ಯಜಮಾನ. ಅವನು ಹೊರಡಿ ಅಂದರೆ ಹೊರಡಬೇಕು, ಮರಳಿ ಅಂದರೆ ಮರಳಬೇಕು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಂಡ ಯಾವ ಕಡೆ ಅಂತಾದರೂ ಹೇಳು ಮಾರಾಯ್ತಿ ಅಂದ. ಗಾಳಿ ಹೋಗುವ ಕಡೆಗೇ ನೆಟ್ಟಗೆ ಇರಬೇಕು ಅಂತ ದುಗ್ಗಿ ಪಡುವಣಕ್ಕೆ ಕೈ ತೋರಿಸಿದಳು. ಆ ಸಲ ಬಿರುಗಾಳಿ ಬಂದದ್ದು ತೆಂಕಣದಿಂದ. ಒಂದು ವರ್ಷ ಊರಿಗೆ ಊರೇ ಅವಳನ್ನು ಆಡಿಕೊಂಡಿತು.

ದುಗ್ಗಿ ಬಿಡುವ ಪೈಕಿಯವಳಲ್ಲ. ನಾಲ್ಕು ವರ್ಷ ಹೊಗೆ ನೋಡಿದಳು. ಗಾಳಿ ಹೊಂಡಕ್ಕೆ ನೆಟ್ಟಗೆ ಇಳಿಯುವುದಿಲ್ಲ, ಬಳಸಿಕೊಂಡು ಸುತ್ತಿ ಸುತ್ತಿ ಇಳಿಯುತ್ತದೆ ಅಂತ ಕಂಡುಕೊಂಡಳು. ಗಾಳಿಗೆ ಬೆನ್ನು ಕೊಟ್ಟು ನಿಲ್ಲು, ಎಡಗೈ ಚಾಚು, ಹೊಂಡ ಆ ಕಡೆಗಿದೆ. ಇದು ದುಗ್ಗಿಯ ಲೆಕ್ಕ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಅಂತಲೂ ಅವಳೇ ಹೇಳಿದಳು ಅಂತಾರೆ. ಅದನ್ನು ಮಾತ್ರ ನಾನು ನಂಬುವುದಿಲ್ಲ. ಶಾಲೆಗೆ ಹೋದವರು ಯಾರೋ ಆಮೇಲೆ ಸೇರಿಸಿರಬೇಕು.

ದುಗ್ಗಿಯ ಗಂಡ ಸಂಕು. ಮಾತು ಕಮ್ಮಿ, ನಗು ಜಾಸ್ತಿ. ಮೀನೆಣ್ಣೆಯ ವಾಸನೆ ತನಗೆ ಬರುವುದೇ ಇಲ್ಲ ಅನ್ನುತ್ತಿದ್ದ ಗಂಡಸು ಊರಲ್ಲಿ ಅವನೊಬ್ಬನೇ. ಅವಳಿಗೆ ಹಿಂದೆ ಮುಂದೆ ಇದ್ದವನೂ ಅವನೊಬ್ಬನೇ.

ಆ ಕಾಲದ ದೋಣಿಗಳಿಗೆ ಗಾಳಿಯೇ ಎತ್ತು. ಬೆಳಿಗ್ಗೆ ನೆಲದ ಗಾಳಿ ಕಡಲಿಗೆ ಬೀಸುತ್ತದೆ, ಹಾಯಿ ಬಿಚ್ಚಿದರೆ ಹೋದಿರಿ. ಮಧ್ಯಾಹ್ನ ಗಾಳಿ ತಿರುಗಿ ಕಡಲಿಂದ ನೆಲಕ್ಕೆ ಬೀಸುತ್ತದೆ, ಹಾಯಿ ಬಿಚ್ಚಿದರೆ ಮನೆಗೆ ಬಂದಿರಿ. ಒಂದು ವರ್ಷ ದೀಪಾವಳಿ ಕಳೆದ ಮೇಲೆ ಸುಡುಬಿಸಿಲು ಹಿಡಿಯಿತು. ಕಡಲಿಗೆ ಕಾಲಿಟ್ಟರೆ ಬಚ್ಚಲ ನೀರಿನಷ್ಟು ಬೆಚ್ಚಗೆ. ಅಂಥ ಒಂದು ಬೆಳಿಗ್ಗೆ ನೆಲದ ಗಾಳಿ ಹಿಂದೆಂದೂ ಇಲ್ಲದಷ್ಟು ಜೋರಾಗಿ ಬೀಸಿತು. ಭಾರೀ ಒಳ್ಳೆ ಗಾಳಿ ಅಂತ ಬುಡ್ಡ ತಾಂಡೇಲ ಏಳು ದೋಣಿಯನ್ನೂ ಇಳಿಸಿದ. ಸಂಕುವೂ ಹೋದ.

ಮಧ್ಯಾಹ್ನವಾಯಿತು. ದುಗ್ಗಿಯ ಹೊಗೆ ಇನ್ನೂ ಕಡಲ ಕಡೆಗೇ ಮಲಗಿತ್ತು. ಗಾಳಿ ತಿರುಗಲಿಲ್ಲ. ಅವಳು ಹೊರಗೆ ಬಂದು ಗಾಳಿಗೆ ಬೆನ್ನು ಕೊಟ್ಟು ಎಡಗೈ ಚಾಚಿದಳು. ಕೈ ಹೋದದ್ದು ತೆಂಕು ಪಡುವಣ ಮೂಲೆಗೆ. ಅಲ್ಲಿ ನೀರಿನಂಚಿಗೆ ಮಸಿ ಒರೆಸಿದ ಹಾಗೆ ಒಂದು ಗೆರೆ. ಬೆಳಗಿನದು ನೆಲದ ಗಾಳಿಯೇ ಅಲ್ಲ, ಹೊಂಡ ಎಳೆದುಕೊಳ್ಳುತ್ತಿರುವ ಗಾಳಿ! ಏಳು ದೋಣಿ, ನಲವತ್ತು ಗಂಡಸರು, ಅದರಲ್ಲಿ ಅವಳ ಸಂಕು.

ಕೂಗಿದರೆ ಕೇಳುವ ದೂರವಲ್ಲ. ಕೇಳಿದರೂ ಹೊಗೆ ದುಗ್ಗಿಯ ಮಾತಿಗೆ ಎದುರುಗಾಳಿಯಲ್ಲಿ ಹುಟ್ಟು ಹಾಕಿ ಬರುವವರು ಯಾರು? ಆದರೆ ಊರಿಗೆ ಒಂದು ಕಟ್ಟಳೆ ಇತ್ತು. ಗಂಡಸರು ಕಡಲಲ್ಲಿರುವಾಗ ಊರಲ್ಲಿ ಸಾವಾದರೆ ಗುಡ್ಡೆಯ ಮೇಲೆ ಒಂದು ಹೊಗೆ ಹಾಕಬೇಕು. ಸತ್ತದ್ದು ತಾಂಡೇಲನ ಮನೆಯಲ್ಲಾದರೆ ಎರಡು ಹೊಗೆ. ಎರಡು ಹೊಗೆ ಕಂಡರೆ ಬಲೆ ಕೊಯ್ದಾದರೂ ಎಲ್ಲ ದೋಣಿಯೂ ಮರಳಲೇಬೇಕು. ಸುಳ್ಳುಹೊಗೆ ಹಾಕುವಂತಿಲ್ಲ. ಯಾರ ಹೆಸರಿಗೆ ಹಾಕಿದರೋ ಅವರು ಮೂರು ದಿನದೊಳಗೆ ಸಾಯುತ್ತಾರೆ ಅಂತ ನಂಬಿಕೆ.

ತಾಂಡೇಲನ ಮನೆಯಲ್ಲಿ ಅವತ್ತು ಇದ್ದದ್ದು ಅವನ ತಾಯಿ ಬಾಗಜ್ಜಿ ಒಬ್ಬಳೇ. ದುಗ್ಗಿ ಓಡಿಹೋಗಿ ಕಾಲು ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು.

ಬಾಗಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡಳು. ಅಂಗಳಕ್ಕೆ ಬಂದು ಗಾಳಿಗೆ ಬೆನ್ನು ಕೊಟ್ಟು ತಾನೂ ಎಡಗೈ ಚಾಚಿ ನೋಡಿದಳು.

"ನನ್ನನ್ನು ಸಾಯಿಸು ಮಗಾ," ಅಂದಳಂತೆ. "ಎಂಬತ್ತು ದಾಟಿತು, ಇನ್ನೆಂತ ಉಂಟು ನನಗೆ? ಆದರೆ ಹೊಗೆ ದಪ್ಪ ಇರಲಿ. ಬಡವರ ಮನೆಯ ಸಾವಿನ ಹಾಗೆ ಕಾಣಬಾರದು."

ದುಗ್ಗಿ ಗುಡ್ಡೆಯ ಮೇಲೆ ಎರಡು ಕಡೆ ಬೆಂಕಿ ಮಾಡಿ ಹಸಿ ತೆಂಗಿನ ಸಿಪ್ಪೆ ಪೇರಿಸಿ, ಮೂರು ತಿಂಗಳಿಂದ ಕೂಡಿಸಿದ ಮೀನೆಣ್ಣೆಯನ್ನೆಲ್ಲ ಸುರಿದಳು. ಎಂಥ ಹೊಗೆ! ಆಕಾಶ ಕಾಣದಷ್ಟು ಕಪ್ಪು ಹೊಗೆ. ಮನೆಗೆ ಬಾರದ ಹಾಗೆ ಗಂಡಸರನ್ನು ದೂಡುತ್ತಿದ್ದ ಗಾಳಿಯೇ ಆ ಹೊಗೆಯನ್ನು ಹೊತ್ತು ಅವರ ತನಕ ಮುಟ್ಟಿಸಿತು.

ಬುಡ್ಡ ತಾಂಡೇಲ ತಾನೇ ಬಲೆ ಕೊಯ್ದು ಬಿಟ್ಟನಂತೆ. ಆಮೇಲೆ ಹಾಯಿ ಇಳಿಸಿ ಅಂದ. ಏಳು ದೋಣಿಯವರೂ ಅಂಗೈ ಸುಲಿಯುವ ತನಕ ಹುಟ್ಟು ಹಾಕಿದರು. ಬಾಗಜ್ಜಿಗಲ್ಲದೆ ಬೇರೆ ಯಾರಿಗಾಗಿಯೂ ತಾವು ಅಂಥ ಗಾಳಿಗೆ ಎದುರು ಬರುತ್ತಿರಲಿಲ್ಲ ಅಂತ ಅವರೇ ಆಮೇಲೆ ಹೇಳಿದ್ದು. ಹೊತ್ತು ಮುಳುಗುವ ಮೊದಲು ಎಲ್ಲರೂ ದಡ ಸೇರಿದರು. ಸಂಕು ಇಳಿದದ್ದನ್ನು ನೋಡಿ ದುಗ್ಗಿ ಮರಳ ಮೇಲೆ ಕೂತು ಗಟ್ಟಿಯಾಗಿ ಅತ್ತಳು.

ತಾಂಡೇಲ ಅಮ್ಮಾ ಅಂತ ಬಾಯಿ ಬಡಿದುಕೊಂಡು ಮನೆಗೆ ನುಗ್ಗಿದ. ಅಮ್ಮ ಚಾವಡಿಯಲ್ಲಿ ಕೂತು ಎಲೆ ಜಗಿಯುತ್ತಿದ್ದಳು. "ಮೀನು ಎಲ್ಲಿ?" ಅಂತ ಕೇಳಿದಳಂತೆ.

ಸುಳ್ಳುಹೊಗೆ ಅಂತ ತಿಳಿದದ್ದೇ ಅವನ ಕಣ್ಣು ಕೆಂಡವಾಯಿತು. ಕೈಯಲ್ಲಿದ್ದ ಹುಟ್ಟನ್ನೇ ಎತ್ತಿಕೊಂಡು ದುಗ್ಗಿಯ ಗುಡಿಸಲಿಗೆ ಹೊರಟ. ಅರ್ಧ ದಾರಿ ಹೋಗಿರಲಿಲ್ಲ, ಗುಡಿಸಲಿನ ಮಾಡು ಹಾರಿಬಂದು ಅವನ ಮುಂದೆಯೇ ಬಿತ್ತು. ಆಮೇಲೆ ಎರಡು ದಿನ ಕಡಲೂ ಆಕಾಶವೂ ಒಂದಾಗಿದ್ದವು. ಆ ಎರಡು ದಿನವೂ ದುಗ್ಗಿ, ಸಂಕು ತಾಂಡೇಲನ ಮನೆಯಲ್ಲೇ ಇದ್ದರು. ಅವನೇ ಕರೆದುಕೊಂಡು ಹೋದದ್ದು. ಗಾಳಿ ನಿಂತ ಮೇಲೆ ನಲವತ್ತು ಗಂಡಸರೂ ಸೇರಿ ಅವಳ ಗುಡಿಸಲು ಕಟ್ಟಿಕೊಟ್ಟರು, ಈ ಸಲ ಊರ ನಡುವೆ. ವಾಸನೆಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಮೂರನೇ ದಿನ ಬಾಗಜ್ಜಿ ಸಾಯುತ್ತಾಳೆ ಅಂತ ಊರೆಲ್ಲ ಅವಳ ಅಂಗಳದಲ್ಲಿ ಕಾಯಿತು. ಅವಳು ಸಾಯಲಿಲ್ಲ. ಬಂದವರನ್ನು ಹಸಿದು ಕಳಿಸಬೇಡ ಅಂತ ಮಗನಿಗೆ ಹೇಳಿ ತನ್ನ ತಿಥಿಯ ಊಟವನ್ನು ತಾನೇ ಮಾಡಿಸಿ, ಮೊದಲ ಎಲೆಗೆ ತಾನೇ ಕೂತಳು. ಇನ್ನೂ ಹನ್ನೊಂದು ವರ್ಷ ಬದುಕಿದಳು ಅಂತಾರೆ.

ಈಗಲೂ ನಮ್ಮೂರಿನವರು ದೋಣಿ ನೂಕುವ ಮೊದಲು ಗಾಳಿಗೆ ಬೆನ್ನು ಕೊಟ್ಟು ಎಡಗೈ ಚಾಚುತ್ತಾರಲ್ಲ, ಅದಕ್ಕೆ ದುಗ್ಗಿಯನ್ನು ಕೇಳುವುದು ಅಂತಲೇ ಹೆಸರು. ರೇಡಿಯೋ ಹೇಳಿದರೂ ಫೋನು ಹೇಳಿದರೂ ಅವಳನ್ನೊಮ್ಮೆ ಕೇಳದೆ ಹೊರಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಗುಡ್ಡೆಯ ಮೇಲೆ ಎರಡು ಹೊಗೆ ಹಾಕಿ, ಊರಿನ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಮೊದಲ ಎಲೆಗೆ ಕೂರಿಸಿ ತಿಥಿಯ ಊಟ ಬಡಿಸುತ್ತಾರೆ. ಸತ್ತೆಯಾ ಅಜ್ಜಿ ಅಂತ ಊರೆಲ್ಲ ಕೇಳಬೇಕು. ಗಾಳಿ ತಿರುಗಿತಾ ನೋಡಿ ಬನ್ನಿ, ಆಮೇಲೆ ಹೇಳುತ್ತೇನೆ ಅಂತ ಅವಳು ಅನ್ನಬೇಕು. ಹೊಗೆ ನೆಲದ ಕಡೆಗೆ ವಾಲಿದ ಮೇಲೆಯೇ ಅವಳು ತುತ್ತು ಎತ್ತುವುದು.

ಈ ವರ್ಷ ಆ ಎಲೆ ನನ್ನದು. ಪಾಯಸಕ್ಕೆ ಬೆಲ್ಲ ಕಮ್ಮಿ ಮಾಡಬೇಡಿ.