ದಾವಣಗೆರೆಯ ದರ

ನಾಗವೇಣಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಗಂಡ ರುದ್ರೇಶ ದಾವಣಗೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ಮದುವೆಯಾದಾಗಿನಿಂದ ಇಬ್ಬರೂ ಬೇರೆ ಬೇರೆ ಊರು, ಎರಡು ಕಡೆ ಬಾಡಿಗೆ. ಮನೆಯಿಂದಲೇ ಕೆಲಸ ಮಾಡಲು ಅನುಮತಿ ಸಿಕ್ಕಿದ್ದೇ ತಡ, ಅವಳು ದಾವಣಗೆರೆಗೆ ಬಂದುಬಿಟ್ಟಳು.

ತಿಂಗಳೊಳಗೆ ಮ್ಯಾನೇಜರ್ ಪ್ರಭಂಜನ ರಾಯರ ವಿಡಿಯೊ ಕರೆ ಬಂತು.

"ನೋಡಿ ನಾಗವೇಣಿ, ಅಲ್ಲಿ ಬಾಡಿಗೆ ಕಡಿಮೆ, ತರಕಾರಿ ಅಗ್ಗ. ನಿಮಗೆ ಬೆಂಗಳೂರಿನ ಸಂಬಳ ಯಾಕೆ? ಕಾಲು ಭಾಗ ಇಳಿಸ್ತೀನಿ. ಬೇಡ ಅಂದ್ರೆ ವಾಪಸ್ ಬನ್ನಿ."

ನಾಗವೇಣಿಗೆ ಮತ್ತೆ ಎರಡು ಊರು, ಎರಡು ಬಾಡಿಗೆ ಕಣ್ಣ ಮುಂದೆ ಬಂತು. ಆದರೂ ಮುಖದಲ್ಲಿ ತೋರಗೊಡಲಿಲ್ಲ.

"ಆಗಲಿ ಸರ್. ಅಮೆರಿಕದ ಕ್ಲೈಂಟ್‌ಗೆ ನನ್ನ ಕೆಲಸದ ಬಿಲ್ ಕಳಿಸುವಾಗ ಯಾವ ಊರಿನ ದರ ಹಾಕ್ತೀರಿ?"

"ಹಳೇ ದರವೇ. ಕೆಲಸ ಅದೇ ಅಲ್ವಾ? ನೀವು ಎಲ್ಲಿದ್ರೆ ಅವರಿಗೇನು?" ಎಂದರು ರಾಯರು.

"ನಾಳೆ ಅವರ ಜೊತೆ ಮೀಟಿಂಗ್ ಇದೆ ಸರ್. ಹೊಸ ಊರು ಹೇಗಿದೆ ಅಂತ ಅವರು ಕೇಳ್ತಾನೇ ಇದ್ದಾರೆ. ಇಲ್ಲಿ ಎಲ್ಲಾ ಅಗ್ಗ, ಅದಕ್ಕೇ ನನ್ನ ಸಂಬಳ ಇಳಿದಿದೆ, ನಿಮ್ಮ ಬಿಲ್ಲೂ ಇಳಿಯಬಹುದು ಅಂತ ಹೇಳಲಾ?"

ರಾಯರು ಕನ್ನಡಕ ತೆಗೆದು ಒರೆಸಿದರು. ಒಂದು ಲೋಟ ನೀರು ಕುಡಿದರು.

"ಮೀಟಿಂಗಿನಲ್ಲಿ ಊರಿನ ಮಾತು ಯಾಕಮ್ಮ? ಸಂಬಳ ಇದ್ದ ಹಾಗೇ ಇರಲಿ ಬಿಡಿ."

ಕರೆ ಮುಗಿಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ರುದ್ರೇಶ, "ಏನಂದ್ರು?" ಎಂದು ಮೆಲ್ಲಗೆ ಕೇಳಿದ.

ನಾಗವೇಣಿ ಕುರ್ಚಿಗೆ ಒರಗಿ ನಕ್ಕಳು. "ಸೂಟ್‌ಕೇಸ್ ಅಟ್ಟಕ್ಕೆ ಹಾಕಿ" ಎಂದಳು.