ಕೈಚೀಲದ ತುಪ್ಪ

“ಬುದ್ಧಿ, ಮಠದ ಕೆಲಸವನ್ನೆಲ್ಲ ಕಿರಿಯರಿಗೆ ಒಪ್ಪಿಸಿ ಮೂರು ವರ್ಷವಾಯಿತು. ಉಗ್ರಾಣದ ಬೀಗದಕೈ ಒಂದನ್ನು ಮಾತ್ರ ನಾನು ಇಟ್ಟುಕೊಂಡಿದ್ದೇನೆ. ಆದರೂ ದಣಿವು ಇಳಿದಿಲ್ಲ. ಯಾಕೆ?” ಎಂದು ಮರುಳಯ್ಯ ಕೇಳಿದ. ನಲವತ್ತು ವರ್ಷ ಮಠದ ಅಡುಗೆಮನೆ ನಡೆಸಿದ ಹಿರಿಯ ಶಿಷ್ಯ ಅವನು.

ಸ್ವಾಮಿಗಳು ಕಣ್ಣು ತೆರೆಯಲಿಲ್ಲ. “ಮೊದಲು ಕೂತುಕೋ ಮಾರಾಯ. ನೀನು ನಿಂತಿದ್ದರೆ ನನಗೆ ಸುಸ್ತಾಗುತ್ತದೆ” ಎಂದು ಹೇಳಿ ಕತೆ ಶುರುಮಾಡಿದರು.

ಒಬ್ಬ ತಾಯಿ. ಮಗಳು ಮಸ್ಕತ್ತಿನಲ್ಲಿ ಚೊಚ್ಚಲ ಬಸುರಿ. ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರುವ ಹಾಗಿರಲಿಲ್ಲ. ಬಾಣಂತನಕ್ಕೆ ತಾಯಿಯೇ ಹೊರಟಳು. ಏಳನೇ ತಿಂಗಳಿಂದ ವಾರವಾರವೂ ಬೆಣ್ಣೆ ಕಾಯಿಸಿ ಒಂದು ಡಬ್ಬಿ ತುಪ್ಪ ಕೂಡಿಸಿದ್ದಳು. ಮಗಳ ಬಾಯಿಗೆ ಮನೆಯ ತುಪ್ಪವೇ ಬೀಳಬೇಕು, ಅವಳ ಆಸೆ ಅಷ್ಟೆ.

ವಿಮಾನಕ್ಕೆ ಹಾಕುವ ಸಾಮಾನನ್ನು ಎತ್ತಿ ಒಗೆಯುತ್ತಾರೆ ಎಂದು ಅವಳಿಗೆ ಯಾರೋ ಹೇಳಿದ್ದರು. ಹಾಗಾಗಿ ಸೀರೆ, ಕೊಬ್ಬರಿ, ಅಂಟಿನುಂಡೆ, ಪಕ್ಕದ ಮನೆಯವಳು ಬಲವಂತವಾಗಿ ಕೊಟ್ಟ ಉಪ್ಪಿನಕಾಯಿಯ ಗಾಜಿನ ಬಾಟಲಿ, ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿದಳು. ತುಪ್ಪದ ಡಬ್ಬಿಯನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಂಡಳು. ಬೆಲೆಬಾಳುವುದು ಕೈಯಲ್ಲೇ ಇರಬೇಕು ಎನ್ನುವವರು ನಾವು. ನೀನೂ ಅವಳ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ.

ತಪಾಸಣೆಯಲ್ಲಿ ಚೀಲ ನಿಲ್ಲಿಸಿದರು. ತುಪ್ಪ ಕೈಚೀಲದಲ್ಲಿ ಹೋಗುವಂತಿಲ್ಲ, ಸೂಟ್‌ಕೇಸಿನಲ್ಲಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ ಎಂದರು. ಅವಳು ಅಲ್ಲೇ ಅಳುತ್ತಾ ನಿಂತಳು. ವಿಮಾನದ ಕಂಪನಿಯ ಹುಡುಗಿಯೊಬ್ಬಳಿಗೆ ಕನಿಕರ ಬಂತು.

“ಕೊಡಿ ಅಮ್ಮಾ, ಚೆನ್ನಾಗಿ ಕಟ್ಟಿ ನಿಮ್ಮ ಸೂಟ್‌ಕೇಸಿನ ಜೊತೆ ಕಳಿಸುತ್ತೇನೆ. ಇನ್ನೂ ಅರ್ಧ ಗಂಟೆ ಇದೆ.”

“ಚೆಲ್ಲಿಬಿಟ್ಟರೆ? ನನ್ನ ಕೈಯಲ್ಲಿದ್ದರೆ ಒಂದು ಹನಿಯೂ ಚೆಲ್ಲುವುದಿಲ್ಲ ಕಣಮ್ಮಾ.”

ಅದು ಸುಳ್ಳಲ್ಲ. ಅವಳ ಕೈ ಅಷ್ಟು ಗಟ್ಟಿ. ಆದರೆ ಆ ಕೈಯಲ್ಲಿ ಅದು ಬಾಗಿಲು ದಾಟುವಂತಿರಲಿಲ್ಲ. ಅವಳು ಡಬ್ಬಿಯನ್ನು ಎದೆಗವಚಿಕೊಂಡು ಸಿಕ್ಕಸಿಕ್ಕವರನ್ನೆಲ್ಲ ಬೇಡಿಕೊಂಡಳು. ಹುಡುಗಿ ಎರಡು ಸಲ ಬಂದು ಕೇಳಿದಳು. ಮೂರನೆಯ ಸಲ ಬಂದು, “ಈಗ ಆಗುವುದಿಲ್ಲ ಅಮ್ಮಾ, ಹೊತ್ತು ಮೀರಿತು” ಎಂದಳು. ಡಬ್ಬಿ ಅಲ್ಲೇ ಮೇಜಿನ ಮೇಲೆ ಉಳಿಯಿತು.

ಮಸ್ಕತ್ತಿನಲ್ಲಿ ಸೂಟ್‌ಕೇಸು ತೆರೆದರೆ ಎಲ್ಲವೂ ನೆಟ್ಟಗಿತ್ತು. ಬಟ್ಟೆ ಕೂಡ ಸುತ್ತದೆ ತುರುಕಿದ್ದ ಆ ಉಪ್ಪಿನಕಾಯಿ ಬಾಟಲಿಯೂ ಒಡೆದಿರಲಿಲ್ಲ. ಹೆರಿಗೆಯಾದ ಮೇಲೆ ಮಗಳಿಗೆ ಅಂಗಡಿಯ ತುಪ್ಪ ಹಾಕಿ ಅನ್ನ ಕಲಸಿದಳು. “ಅವ್ವಾ, ಮನೆಯದಾ?” ಎಂದು ಮಗಳು ಕೇಳಿದಳು. ತಾಯಿ ಹೂಂ ಎಂದಳು. ಮಗಳಿಗೆ ಅವಳು ಹೇಳಿದ ಮೊದಲನೆಯ ಸುಳ್ಳು ಅದು.

ಸ್ವಾಮಿಗಳು ಗೋಡೆಗೆ ಒರಗಿದರು. ಬಹಳ ಹೊತ್ತು ಮಾತಾಡಿದವರಂತೆ ಬಳಲಿದ್ದರು.

“ಪಾಪ, ಆ ಹುಡುಗಿಯ ಕೈಗೆ ಕೊಟ್ಟುಬಿಡಬಹುದಿತ್ತು, ಬುದ್ಧಿ” ಎಂದ ಮರುಳಯ್ಯ. “ನನ್ನ ಕಷ್ಟ ಬೇರೆ. ಉಗ್ರಾಣಕ್ಕೆ ನಂಬುವಂಥವರು ಯಾರೂ ಕಾಣುತ್ತಿಲ್ಲ. ಸಿಕ್ಕ ದಿನ ಕೊಟ್ಟುಬಿಡುತ್ತೇನೆ.”

ಸ್ವಾಮಿಗಳು ಆಗ ಕಣ್ಣು ತೆರೆದು ಅವನ ಸೊಂಟದ ಬೀಗದಕೈಯನ್ನು ನೋಡಿದರು.

“ಅರ್ಧ ಗಂಟೆ ಇದೆ ಎಂದು ಅವಳಿಗಾದರೂ ಹೇಳುವವರಿದ್ದರು. ನಿನಗೆ ಯಾರು ಹೇಳಿದರು, ಮರುಳಯ್ಯ?”