ಗೊತ್ತಿದ್ದವರಿಗೆ ಪ್ರವೇಶವಿಲ್ಲ

ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿ, ಆಗಸ್ಟ್ ಎಂಟು, ಶುಕ್ರವಾರ. ಮೋಡ ಕವಿದಿತ್ತು, ಮಳೆ ಬರಲಿಲ್ಲ, ಗಾಳಿ ಮಾತ್ರ ಗೋಡೆಯ ಪೋಸ್ಟರನ್ನು ಕಿತ್ತುಕೊಂಡು ಹೋಗುವಷ್ಟು ಜೋರಾಗಿತ್ತು.

ಆ ಗಾಳಿಯಲ್ಲಿ ನಿಂತು ತಿಪ್ಪಮ್ಮ ತನ್ನ ಮಗ ಓಬಳೇಶನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮಗನಿಗೆ ಇಪ್ಪತ್ತೆಂಟು ತುಂಬಿತ್ತು. ಗುಂಡಿ ಹಾಕಿಕೊಳ್ಳಲು ಬಾರದು ಅಂತೇನಲ್ಲ. "ಅಂಗಿ ಹಾಕ್ಕೊ" ಅಂದಿದ್ದಳು, ಹಾಕಿಕೊಂಡಿದ್ದ. ಗುಂಡಿಯ ಮಾತು ಅವಳು ಎತ್ತಿರಲಿಲ್ಲ.

"ಲೋ ಓಬಳೇಶ, ಇದು ಏಳನೇ ಕೆಲಸ ಕಣೋ!"

"ಹೌದವ್ವ, ಏಳು."

"ಆರನೇದು ಯಾಕೆ ಹೋಯ್ತು? ನೆನಪೈತಾ?"

"ಕಿರಾಣಿ ಶೆಟ್ಟರು, ಊಟ ಮಾಡ್ಕೊಂಡು ಬರ್ತೀನಿ, ಅಂಗಡಿ ಕಡೆ ನೋಡ್ತಿರು ಅಂದ್ರು. ಎದುರು ಕಟ್ಟೆ ಮೇಲೆ ಕೂತು ನೋಡ್ತಾನೇ ಇದ್ದೆ. ಒಬ್ಬ ಬಂದ, ಬೆಲ್ಲದ ಮೂಟೆ ಹೊತ್ಕೊಂಡು ಹೋದ. ಅದನ್ನೂ ನೋಡಿದೆ."

ತಿಪ್ಪಮ್ಮ ಹಣೆ ಚಚ್ಚಿಕೊಂಡಳು. "ಇನ್ನೊಂದು ಸಲ ಹಂಗಾಗಬಾರದು. ಸಾಹುಕಾರ್ರು ಏನು ಹೇಳ್ತಾರೋ ಅದನ್ನ ಮಾಡು. ಅವರು ಹೇಳದೇ ಇದ್ದದ್ದು ಮಾಡಬೇಡ. ತಿಳೀತಾ?"

"ಆಗಲವ್ವ."

ಕೆಲಸ ಕನಕಾಂಬರಿ ಟಾಕೀಸಿನಲ್ಲಿ, ಗೇಟು ಕಾಯುವುದು. ತಿಪ್ಪಮ್ಮ ಹದಿನೆಂಟು ವರ್ಷದಿಂದ ಅಲ್ಲೇ ಕಸ ಗುಡಿಸುತ್ತಿದ್ದಳು. ಆದರೆ ಈಗ ಟಾಕೀಸಿಗೇ ಕುತ್ತು ಬಂದಿತ್ತು. ಒಂದು ವರ್ಷದಿಂದ ಯಾವ ಪಿಚ್ಚರೂ ಒಂದು ವಾರ ದಾಟಿರಲಿಲ್ಲ. ಸಾಹುಕಾರ ಸಿದ್ದರಾಮಪ್ಪನವರು ಕೈಚೆಲ್ಲಿ ಹೇಳಿದ್ದರು: "ತಿಪ್ಪಮ್ಮ, ಈ ಶೂಲಪಾಣಿ ಪಿಚ್ಚರು ಎರಡನೇ ವಾರಕ್ಕೆ ಹೋದ್ರೆ ಟಾಕೀಸು ಇರ್ತದೆ, ನೀನೂ ಇರ್ತೀಯ, ನಿನ್ನ ಮಗನೂ ಇರ್ತಾನೆ. ಹೋಗದಿದ್ರೆ ಸಿಮೆಂಟ್ ಗೋಡೌನಿಗೆ ಕೊಟ್ಟುಬಿಡ್ತೀನಿ."

ಪತ್ತೇದಾರ ಶೂಲಪಾಣಿ ಯಾರು ಅಂತ ಆ ಊರಿನಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಅವನ ಕಾದಂಬರಿಯನ್ನು ಅಪ್ಪ ಓದಿದ್ದ, ಮಗ ಓದಿದ್ದ, ಸೊಸೆ ಬಂದಮೇಲೆ ಅವಳೂ ಓದಿದ್ದಳು. ಎಲ್ಲರೂ ಓದಿದ್ದು ಒಂದೇ ಪ್ರತಿ, ಬಸ್‌ಸ್ಟ್ಯಾಂಡಿನ ಬಾಡಿಗೆ ಪುಸ್ತಕದ ಅಂಗಡಿಯದ್ದು. ಆ ಪ್ರತಿಗೆ ಕೊನೆಯ ಎಂಟು ಪುಟ ಇರಲಿಲ್ಲ. ಇಲಿ ತಿಂದಿತು ಅನ್ನುವವರಿದ್ದರು, ಯಾರೋ ಅದರಲ್ಲಿ ಕಡ್ಲೆಕಾಯಿ ಪೊಟ್ಟಣ ಕಟ್ಟಿದರು ಅನ್ನುವವರೂ ಇದ್ದರು. ಅಂತೂ ಮೂವತ್ತು ವರ್ಷದಿಂದ ಇಡೀ ಊರು ಶೂಲಪಾಣಿಯ ಜೊತೆ ಕೊಲೆ ನಡೆದ ಬಂಗಲೆಯ ಮೆಟ್ಟಿಲು ಹತ್ತಿ, ಅವನು "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ!" ಅನ್ನುವವರೆಗೆ ಬಂದು, ಅಲ್ಲಿಗೆ ನಿಂತಿತ್ತು.

ನಿಂತಿದ್ದೇನೋ ನಿಜ. ಆದರೆ ಗೊತ್ತಿಲ್ಲ ಅನ್ನುವವರು ಒಬ್ಬರೂ ಇರಲಿಲ್ಲ. ರಿಟೈರಾದ ಹೆಡ್ಮಾಸ್ಟರ್ ಶ್ರೀಕಂಠಾಚಾರ್ಯರು ಕಾಂಪೌಂಡರೇ ಕೊಂದದ್ದು ಅನ್ನುತ್ತಿದ್ದರು. ಕಾಫಿ ಹೋಟೆಲಿನ ಐತಾಳರು, ಅಲ್ಲ, ವಿಧವೆಯ ತಮ್ಮ ಅನ್ನುತ್ತಿದ್ದರು. ನಲ್ಲಿಯ ಹತ್ತಿರದ ಹೆಂಗಸರೆಲ್ಲ ಅಡುಗೆಯವನ ಪಕ್ಷ. ಒಂದು ಮನೆಯಲ್ಲಿ ಹೆಣ್ಣು ನೋಡಲು ಬಂದವರ ನಡುವೆ ಈ ಜಗಳ ಎದ್ದು, ತಟ್ಟೆಯಲ್ಲಿದ್ದ ತಾಂಬೂಲ ಹಾಗೇ ಉಳಿದುಹೋಗಿತ್ತು.

ಹೀಗಾಗಿ ಪಿಚ್ಚರು ಬಂದಾಗ ಊರಿನ ದೊಡ್ಡವರು ಯಾರೂ ಹೋಗಲಿಲ್ಲ. "ನಮಗೆ ಗೊತ್ತಿರೋದೇ ತಾನೆ, ದುಡ್ಡು ಕೊಟ್ಟು ನೋಡೋದೇನು?" ಅಂದರು. ಬಂದವರು ಸುತ್ತಲ ಹಳ್ಳಿಯಿಂದ ಸಂತೆಗೆ ಬಂದವರು, ಅದೂ ಟಾಕೀಸಿನ ಹಾಲು ಅರ್ಧ ತುಂಬುವಷ್ಟು.

ಸಾಹುಕಾರ್ರು ಓಬಳೇಶನನ್ನು ಕರೆದರು. "ನೋಡೋ, ದಿನಾ ಸಂಜೆ ದಾವಣಗೆರೆಯಿಂದ ಹಂಚಿಕೆದಾರರು ಫೋನ್ ಮಾಡ್ತಾರೆ. ಜನ ಏನಂತಾರೆ ಅಂತ ಕೇಳ್ತಾರೆ. ಜನ ಒಪ್ಪಿದ್ರೆ ರೀಲಿನ ಪೆಟ್ಟಿಗೆ ಇನ್ನೊಂದು ವಾರ ಇಲ್ಲೇ ಬಿಡ್ತಾರೆ, ಇಲ್ಲದಿದ್ರೆ ಬೇರೆ ಊರಿಗೆ ಒಯ್ತಾರೆ. ನೀನು ಬಾಗಿಲ ಹತ್ತಿರ ನಿಂತ್ಕೊ. ಹೊರಗೆ ಬರೋ ಜನ ಏನೇನಂತಾರೆ ಕೇಳಿಸ್ಕೊಂಡು ಬಂದು ಹೇಳು."

"ಆಗಲಿ ಸಾಹುಕಾರ್ರೇ."

ಮ್ಯಾಟಿನಿ ಬಿಟ್ಟಿತು. ಓಬಳೇಶ ಬಂದು ಕೈಕಟ್ಟಿ ನಿಂತ.

"ಏನಂದ್ರೋ?"

"ಒಬ್ಬ, ನನ್ನ ಎಡಗಾಲು ಚಪ್ಪಲಿ ಎಲ್ಲಿ ಅಂದ. ನಾಲ್ಕು ಜನ, ಮೊದಲು ಗೋಡೆ ಕಡೆ ಹೋಗಿಬರಾಣ ಅಂದ್ರು. ಒಬ್ಬಳು, ಅಯ್ಯೋ ಕೂಸು ಎಲ್ಲಿ ಅಂದಳು. ಅವಳ ಗಂಡ, ನಿನ್ನ ಕಂಕುಳಲ್ಲೇ ಐತಲ್ಲೇ ಅಂದ."

"ಪಿಚ್ಚರಿನ ವಿಷಯ ಏನಂದ್ರೋ?"

"ಅದು ನೀವು ಹೇಳಲಿಲ್ಲ."

ಸಾಹುಕಾರ್ರು ಮೇಜು ಗುದ್ದಿದರು. "ಪೆದ್ದ! ಹೊರಗೆ ಬಂದಮೇಲೆ ಯಾರು ಪಿಚ್ಚರಿನ ಮಾತಾಡ್ತಾರೆ? ನಾಳೆ ಒಳಗೇ ಹೋಗು. ಸೀನು ನಡೀತಿರುವಾಗಲೇ ಹೆಂಗದೆ ಅಂತ ಕೇಳು!"

ತಿಪ್ಪಮ್ಮ ಪೊರಕೆ ಹಿಡಿದು ಎಲ್ಲಾ ಕೇಳಿಸಿಕೊಂಡಳು. ಹಣೆ ಚಚ್ಚಿಕೊಂಡಳು. "ಹೇಳಿದ್ದನ್ನ ಹೇಳಿದಂಗೆ ಮಾಡೋ ನನ್ನಪ್ಪ!"

"ಆಗಲವ್ವ."

ಶನಿವಾರ. ಪರದೆಯ ಮೇಲೆ ಶೂಲಪಾಣಿ ಕತ್ತಲ ಕೋಣೆಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿದ್ದಾನೆ. ಬೀರುವಿನ ಹಿಂದೆ ಯಾರೋ ಇದ್ದಾರೆ. ಹಾಲಿನಲ್ಲಿ ಉಸಿರಿಲ್ಲ. ಆಗ ಓಬಳೇಶ ಬ್ಯಾಟರಿ ಹಿಡಿದು ಒಳಗೆ ಬಂದ. ಮೊದಲು ಸಿಕ್ಕವರು ಊರಿಗೆ ಹೊಸದಾಗಿ ಬಂದಿದ್ದ ಪೊಲೀಸ್ ದಫೇದಾರರು. ಹೆಂಡತಿ ಮಕ್ಕಳ ಜೊತೆ ಮೆತ್ತಗೆ ಕೂತಿದ್ದರು. ಬೆಳಕು ಕಣ್ಣಿಗೇ ಬಿತ್ತು.

"ಹೆಂಗದೆ ಸಾರ್?"

"ಅಯ್ಯಯ್ಯೋ!" ದಫೇದಾರರು ಕಿರುಚಿದರು. ಅವರ ಹೆಂಡತಿ ಕಿರುಚಿದರು. ಹಿಂದಿನ ಸಾಲು ಯಾಕೆಂದು ಗೊತ್ತಿಲ್ಲದೆ ಕಿರುಚಿತು. ದಫೇದಾರರು ಉಸಿರು ತಂದುಕೊಂಡು ಗುಡುಗಿದರು: "ಸುಮ್ಮನೆ ಕೂತ್ಕೊಳ್ಳೋ!"

ಓಬಳೇಶ ಸುತ್ತ ನೋಡಿದ. ಆ ಸಾಲಿನಲ್ಲಿ ಖಾಲಿ ಕುರ್ಚಿ ಇರಲಿಲ್ಲ. ದಫೇದಾರರ ತೊಡೆಯ ಮೇಲೆ ಕೂತ. ಸುಮ್ಮನೆ ಕೂತ.

ಆಮೇಲಿನದು ಸಾಹುಕಾರ್ರ ಕೋಣೆಯಲ್ಲಿ. "ಕೇಳಬೇಡವೋ! ಬಾಯೇ ತೆಗೀಬೇಡ! ನಾಳೆ ಬಾಯಿ ಮುಚ್ಕೊಂಡು ಜನರ ಮುಖ ನೋಡು. ನಗ್ತಾರೋ, ಅಳ್ತಾರೋ, ಹೆದರ್ತಾರೋ, ಅಷ್ಟು ಬಂದು ಹೇಳು. ಬ್ಯಾಟರಿ ಇಲ್ಲಿ ಕೊಡು!"

"ಆಗಲಿ ಸಾಹುಕಾರ್ರೇ."

ಭಾನುವಾರ ಓಬಳೇಶ ಬಾಯಿ ಮುಚ್ಚಿಕೊಂಡ, ಎಡಗೈಯಿಂದ ಒತ್ತಿ ಹಿಡಿದು ಮುಚ್ಚಿಕೊಂಡ. ಜನರ ಮುಖ ಚೆನ್ನಾಗಿ ಎಲ್ಲಿಂದ ಕಾಣುತ್ತದೆ? ಮುಂದಿನಿಂದ. ಹೋಗಿ ಪರದೆಯ ಕೆಳಗಿನ ಜಗಲಿ ಹತ್ತಿ, ಪರದೆಗೆ ಬೆನ್ನು ಮಾಡಿ ನಿಂತ.

ಪರದೆಯ ಮೇಲೆ ಬಂಗಲೆಯ ಯಜಮಾನನ ಹೆಣ ಮಲಗಿತ್ತು. ವಿಧವೆ ಎದೆ ಬಡಿದುಕೊಂಡು ಅಳುತ್ತಿದ್ದಳು. ಅವಳ ಸೀರೆಯ ಮೇಲೆ ಓಬಳೇಶನ ತಲೆಯ ನೆರಳು, ಬಾಯಿಗೆ ಕೈ ಇಟ್ಟುಕೊಂಡು, ಒಂದೊಂದೇ ಸಾಲಿನ ಕಡೆ ತಿರುಗುತ್ತಿತ್ತು. ಒಬ್ಬ ನಕ್ಕ. ಹತ್ತು ಜನ ನಕ್ಕರು. ಆಮೇಲೆ ಹಾಲೇ ಬಿದ್ದು ಬಿದ್ದು ನಕ್ಕಿತು.

"ಎಲ್ಲಾರೂ ನಕ್ಕರು ಸಾಹುಕಾರ್ರೇ! ಒಬ್ಬರೂ ಬಿಡದಂಗೆ!"

ಸಾಹುಕಾರ್ರಿಗೆ ಸಂತೋಷವಾಯಿತು. "ಹೌದೇನೋ? ಯಾವ ಸೀನಿಗೆ?"

"ಹೆಣದ ಸೀನಿಗೆ."

ಆ ಸಂಜೆ ಸಾಹುಕಾರ್ರು ಹಂಚಿಕೆದಾರರ ಫೋನು ಎತ್ತಲಿಲ್ಲ. ತಿಪ್ಪಮ್ಮನಿಗೆ ಅನ್ನ ಸೇರಲಿಲ್ಲ. ಸಿಮೆಂಟ್ ಕಂಪನಿಯವರು ಅವತ್ತೇ ಬಂದು, ಟೇಪು ಹಿಡಿದು ಹಾಲಿನ ಉದ್ದಗಲ ಅಳೆದುಕೊಂಡು ಹೋಗಿದ್ದರು. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದವನು ಓಬಳೇಶನೇ. ಹಿಡಿದುಕೊ ಅಂದಿದ್ದರು.

ಸೋಮವಾರ ಇನ್ನೊಂದು ಕಾಟ ಶುರುವಾಯಿತು. ಒಂದು ಸಲ ನೋಡಿದ ಪುಂಡರು ಮತ್ತೆ ಒಳಗೆ ನುಗ್ಗಿ, ಶೂಲಪಾಣಿ ಇನ್ನೂ ಟೋಪಿ ಹಾಕಿಕೊಳ್ಳುವ ಮೊದಲೇ, ಕೊಂದವನು ಇಂಥವನೇ ಅಂತ ಕೂಗಿಬಿಡುತ್ತಿದ್ದರು.

ಸಾಹುಕಾರ್ರು ಗೇಟಿಗೇ ಬಂದರು. "ಲೋ, ಇದೊಂದನ್ನ ಸರಿಯಾಗಿ ಮಾಡು. ನಾಳೆ ಗೇಟಿನಲ್ಲಿ ಒಬ್ಬೊಬ್ಬರನ್ನೂ ಕೇಳು. ಕೊಲೆಗಾರ ಯಾರು ಅಂತ ಗೊತ್ತಿರೋರು ಯಾರೇ ಆಗಲಿ, ನನ್ನ ಹೆತ್ತಪ್ಪನೇ ಆಗಲಿ, ಒಳಗೆ ಬಿಡಕೂಡದು!"

"ಆಗಲಿ ಸಾಹುಕಾರ್ರೇ."

ಮಂಗಳವಾರವೇ ಹೆಡ್ಮಾಸ್ಟರು ಹೊರಟು ಬರಬೇಕೆ! ಇಸ್ತ್ರಿ ಪಂಚೆ, ಕೈಯಲ್ಲಿ ಕೊಡೆ. ಸಿನಿಮಾದವರು ಸರಿಯಾಗಿ ತೆಗೆದಿದ್ದಾರೋ ಇಲ್ಲವೋ ಪರೀಕ್ಷೆ ಮಾಡುವುದಕ್ಕೆ. ಅವರು ಹೊರಟದ್ದು ಕಂಡು ಐತಾಳರು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಬಂದರು. ಐತಾಳರು ಬಂದದ್ದು ಕಂಡು ಉಳಿದವರು. ಅರವತ್ತು ಜನದ ಸಾಲು. ತಿಪ್ಪಮ್ಮ ಕಂಬದ ಮರೆಯಿಂದ ನೋಡಿ ಕೈಮುಗಿದಳು.

"ಮೇಷ್ಟ್ರೇ, ಕೊಲೆಗಾರ ಯಾರು ಅಂತ ನಿಮಗೆ ಗೊತ್ತಾ?"

"ಮೂವತ್ತು ವರ್ಷದಿಂದ ಗೊತ್ತು ಕಣಯ್ಯ!"

"ಹಂಗಾದ್ರೆ ಒಳಗೆ ಬಿಡಕೂಡದು. ಮುಂದಿನೋರು ಬನ್ನಿ."

"ಎಲಾ ಇವನ! ನಿನಗೆ ಅ ಆ ಇ ಈ ಕಲಿಸಿದವನು ನಾನು!"

"ಗೊತ್ತಿರೋರು ಸಾಹುಕಾರ್ರ ಹೆತ್ತಪ್ಪನೇ ಆದರೂ ಬಿಡಕೂಡದು ಮೇಷ್ಟ್ರೇ. ಐತಾಳರೇ, ನಿಮಗೆ?"

"ಅವರಿಗೆಂತ ಗೊತ್ತುಂಟು ಮಾರಾಯ! ಸರಿಯಾಗಿ ಗೊತ್ತಿರುವುದು ನನಗೆ!"

"ಹಂಗಾದ್ರೆ ನೀವೂ ಆ ಕಡೆ."

ಒಬ್ಬರಾದರೂ ಗೊತ್ತಿಲ್ಲ ಅಂದರೇ? ಗೊತ್ತು, ಗೊತ್ತು, ಚೆನ್ನಾಗಿ ಗೊತ್ತು! ಐವತ್ತೆಂಟು ಜನ ಹೊರಗೆ ಉಳಿದರು. ಒಳಗೆ ಹೋಗಬಹುದಾಗಿದ್ದವು ಎರಡು ಕೈಗೂಸು.

"ನಮ್ಮವ್ವ, ನಿನಗೆ ಗೊತ್ತು, ನೀನು ಹೋಗಂಗಿಲ್ಲ. ಕೂಸಿಗೆ ಗೊತ್ತಿಲ್ಲ, ಅದನ್ನ ಇಲ್ಲಿ ಕೊಡು, ಕೂರಿಸಿ ಬರ್ತೀನಿ."

"ಕೂಸಿನ ತಂಟೆಗೆ ಬಂದೀಯ, ಮೂಳ!"

ಸಾಹುಕಾರ್ರು ಓಡಿ ಬರುವ ಹೊತ್ತಿಗೆ ಒಳಗೆ ಖಾಲಿ ಕುರ್ಚಿಗಳ ಎದುರು ಶೂಲಪಾಣಿ ಒಬ್ಬನೇ ಮಾತಾಡುತ್ತಿದ್ದ. ಹೊರಗೆ ಬೀದಿ ತುಂಬ ಜಗಳ. "ಕಾಂಪೌಂಡರ್!" "ವಿಧವೆಯ ತಮ್ಮ!" "ಅಡುಗೆಯವನು ಅಂದ್ರೆ ಅಡುಗೆಯವನು!" ಕೊಡೆ ಎದ್ದಿತ್ತು, ಟವಲು ಎದ್ದಿತ್ತು.

"ಓಬಳೇಶ!" ಸಾಹುಕಾರ್ರು ಕೂಗಿದರು. "ನಾಳೆಯಿಂದ ಬರಬೇಡ! ಕಾಲಿಡಬೇಡ ಈ ಕಡೆ!"

"ಆಗಲಿ ಸಾಹುಕಾರ್ರೇ."

ತಿಪ್ಪಮ್ಮ ಹಣೆ ಚಚ್ಚಿಕೊಳ್ಳಲೂ ಇಲ್ಲ. ಪೊರಕೆಯನ್ನು ಮೂಲೆಗೆ ಒರಗಿಸಿ, ಹದಿನೆಂಟು ವರ್ಷ ಗುಡಿಸಿದ ಮೆಟ್ಟಿಲನ್ನು ಒಂದು ಸಲ ನೋಡಿ, ಮನೆಗೆ ಹೋದಳು.

ಬುಧವಾರ ಬೆಳಿಗ್ಗೆ ಅವಳು ತನ್ನ ಸಾಮಾನು ಒಯ್ಯಲು ಬಂದಾಗ ಟಾಕೀಸಿನ ಮುಂದೆ ಜಾತ್ರೆಯಷ್ಟು ಜನ. ಸಾಲು ಬಸ್‌ಸ್ಟ್ಯಾಂಡು ಮುಟ್ಟಿತ್ತು. ಒಳಗೆ ಬಿಡುವುದಿಲ್ಲ ಅಂದದ್ದೇ ತಡ, ಇಡೀ ಊರಿಗೆ ಆ ಪಿಚ್ಚರು ನೋಡಲೇಬೇಕಾಗಿತ್ತು. ಗೇಟಿನಲ್ಲಿ, ನಿನ್ನೆಯ ಅಂಗಿಯಲ್ಲೇ, ಓಬಳೇಶ ನಿಂತಿದ್ದ.

ಸಾಹುಕಾರ್ರು ಅವನೆದುರು ಬಾಯಿ ತೆರೆದು ನಿಂತಿದ್ದರು. "ಬರಬೇಡ ಅಂದಿದ್ದೆನಲ್ಲೋ!"

"ಬರಲಿಲ್ಲ ಸಾಹುಕಾರ್ರೇ. ಹೋದ್ರೆ ತಾನೆ ಬರೋದು? ನಿನ್ನೆಯಿಂದ ಇಲ್ಲೇ ಇದ್ದೀನಿ. ಕಾಲೂ ಕಿತ್ತಿಲ್ಲ, ಹಂಗಾಗಿ ಇಡಲೂ ಇಲ್ಲ."

ಸಾಹುಕಾರ್ರು ಸಾಲನ್ನು ನೋಡಿದರು. ಓಬಳೇಶನನ್ನು ನೋಡಿದರು. ಕೋಣೆಗೆ ಹೋದರು.

ಸಾಲಿನಲ್ಲಿ ಮೊದಲು ನಿಂತವರು ಹೆಡ್ಮಾಸ್ಟರು. ಅವರ ಹಿಂದೆ ಇದ್ದವರೆಲ್ಲ ಅವರ ಹತ್ತಿರ ಓದಿದವರೇ.

"ಮೇಷ್ಟ್ರೇ, ಕೊಲೆಗಾರ ಯಾರು ಅಂತ ಗೊತ್ತಾ?"

ಮೇಷ್ಟ್ರು ಕೊಡೆಯ ತುದಿಯಿಂದ ನೆಲ ಕೆರೆದರು. ಗಂಟಲು ಸರಿಮಾಡಿಕೊಂಡರು. ಗಾಳಿಗೆ ಏನೋ ಹೇಳಿದರು.

"ಕೇಳಿಸಲಿಲ್ಲ ಮೇಷ್ಟ್ರೇ. ಜೋರಾಗಿ ಹೇಳಿ."

"ಗೊತ್ತಿಲ್ಲ ಕಣೋ! ನನಗೆ ಗೊತ್ತಿಲ್ಲ!"

ಮೂವತ್ತೈದು ವರ್ಷ ಪಾಠ ಹೇಳಿದ ಬಾಯಿಂದ ಆ ಮಾತು ಹೊರಟದ್ದು ಅದೇ ಮೊದಲು. ಹಿಂದಿನ ಬೆಂಚಿನವನೊಬ್ಬ ಶಿಳ್ಳೆ ಹಾಕಿದ. ಸಾಲಿಗೆ ಸಾಲೇ ಚಪ್ಪಾಳೆ ಹೊಡೆಯಿತು. ಮೇಷ್ಟ್ರಿಗೂ ನಗು ಬಂತು, ಹತ್ತು ವರ್ಷ ಚಿಕ್ಕವರಾದ ಹಾಗೆ ಮೆಟ್ಟಿಲು ಹತ್ತಿದರು. ಐತಾಳರು ಹಿಂದೆಯೇ, "ನನಗೂ ಗೊತ್ತಿಲ್ಲ ಮಾರಾಯ, ಬಿಡು ಬೇಗ!" ಅಂದರು. ನನಗೂ ಇಲ್ಲ, ನಮಗೂ ಇಲ್ಲ ಅನ್ನುತ್ತ ಊರೇ ಒಳಗೆ ಹೋಯಿತು. ಹಾಲು ತುಂಬಿ, ಬೆಂಚು ಹಾಕಿಸಬೇಕಾಯಿತು.

ಹೊರಗೆ ಬರುವಾಗ ಗೇಟು ಕಿತ್ತುಹೋಗುವಷ್ಟು ಮಾತು. ಯಾರ ಊಹೆಯೂ ಸರಿಯಾಗಿರಲಿಲ್ಲ.

"ಪುಸ್ತಕದಲ್ಲಿ ಹೀಗೆ ಇದ್ದಿರಲಾರದು," ಅಂದರು ಮೇಷ್ಟ್ರು.

"ಇರಲಿ ಬಿಡಿ, ನಿಮ್ಮ ಕಾಂಪೌಂಡರ್ ಅಲ್ಲವಲ್ಲ. ಬನ್ನಿ, ಕಾಫಿ ಕುಡಿಯುವ," ಅಂದರು ಐತಾಳರು.

ಅಡುಗೆಯವನ ಪಕ್ಷದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. "ಪಾಪ ಕಣೇ! ಮೂವತ್ತು ವರ್ಷ ಸುಮ್ಮಸುಮ್ಮನೆ ಬೈದ್ವಿ ಆ ಬಡಪಾಯೀನ!"

ಸಂಜೆ ಫೋನು ಬಂದಾಗ ಸಾಹುಕಾರ್ರು ಮಾತಾಡಲಿಲ್ಲ. ಫೋನನ್ನು ಕಿಟಕಿಯ ಹೊರಗೆ ಹಿಡಿದರು. ಬೀದಿಯ ಗದ್ದಲ ದಾವಣಗೆರೆಗೆ ಕೇಳಿಸಿತು. ಪೆಟ್ಟಿಗೆ ಎರಡನೇ ವಾರಕ್ಕೆ ಅಲ್ಲೇ ಉಳಿಯಿತು. ಸಿಮೆಂಟ್ ಕಂಪನಿಯವರು ಟೇಪನ್ನು ಬೇರೆ ಊರಿಗೆ ಒಯ್ದರು.

ಗುರುವಾರ ಸಾಹುಕಾರ್ರು ಓಬಳೇಶನನ್ನು ಕರೆಸಿದರು. "ನಿನ್ನ ಕೆಲಸ ಕಾಯಂ ಕಣೋ. ಸಂಬಳ ತಿಂಗಳು ತಿಂಗಳು ನಿಮ್ಮವ್ವನ ಕೈಗೆ. ಅದು ಬಿಟ್ಟು, ನನ್ನ ಖುಷಿಗೆ ಏನಾದ್ರೂ ಕೊಡ್ತೀನಿ. ಏನು ಬೇಕೋ ಕೇಳು!"

ಸುದ್ದಿ ಕೇಳಿ ತಿಪ್ಪಮ್ಮ ಸೆರಗು ಬಿಗಿದು ಓಡಿಬಂದಳು. ಏನು ಕೇಳಿದನೋ! ಹೊಸ ಅಂಗಿಯೋ, ಪಂಚೆಯೋ, ಒಂದು ಕೈಗಡಿಯಾರವೋ! ಒಳಗೆ ಪಿಚ್ಚರು ಶುರುವಾಗಿತ್ತು. ಓಬಳೇಶ ಹೊರಗೆ ಮೆಟ್ಟಿಲ ಮೇಲೆ, ಕೆನ್ನೆಗೆ ಕೈಕೊಟ್ಟು ಒಬ್ಬನೇ ಕೂತಿದ್ದ.

"ಸಾಹುಕಾರ್ರು ಏನು ಕೊಟ್ಟರೋ ಮಗಾ?"

"ನಾನು ಕೇಳಿದ್ದು ಕೊಟ್ಟರವ್ವ. ಆರು ದಿನ ಜನರ ಮುಖ ನೋಡಿದ್ದೇ ಆಯ್ತು, ಪಿಚ್ಚರು ನೋಡೇ ಇಲ್ಲ ಅಂದೆ."

"ಮತ್ತೆ ಇಲ್ಯಾಕೆ ಕೂತಿದ್ದೀಯ? ಒಳಗೆ ಹೋಗು!"

"ಹೋದೆನವ್ವ. ಗೇಟಿಗೆ ಬಂದೆ. ಕೊಲೆಗಾರ ಯಾರು ಅಂತ ಗೊತ್ತೇನೋ ಓಬಳೇಶ ಅಂತ ನಾನೇ ಕೇಳಿದೆ. ನಿನ್ನೆ ಹೊರಗೆ ಬಂದೋರೆಲ್ಲ ಹೇಳ್ಕೊಂಡೇ ಹೋದ್ರಲ್ಲ, ಗೊತ್ತು ಅಂದೆ. ಸುಳ್ಳು ಹೇಳೋಕಾಗ್ತದಾ?"

"ಆಮೇಲೆ?"

"ಆಮೇಲೇನು, ಒಳಗೆ ಬಿಡಲಿಲ್ಲ. ಎಷ್ಟು ಬೇಡಿಕೊಂಡೆ ಗೊತ್ತಾ? ಆದ್ರೂ ಬಿಡಲಿಲ್ಲ."

ತಿಪ್ಪಮ್ಮನ ಕೈ ಹಣೆಯ ಹತ್ತಿರ ಹೋಯಿತು. ಓಬಳೇಶ ಮುಷ್ಟಿ ಬಿಚ್ಚಿ ತೋರಿಸಿದ. ಏಳು ದಿನದ ದುಡಿಮೆಗೆ ಸಾಹುಕಾರ್ರು ಕೊಟ್ಟದ್ದು ಅದರಲ್ಲಿತ್ತು: ಬಾಲ್ಕನಿಯ ಒಂದು ಟಿಕೇಟು. ಅರ್ಧ ಅವನೇ ಹರಿದು ಗೇಟಿನ ಡಬ್ಬಿಗೆ ಹಾಕಿದ್ದ.